ಕುರುಗೋಡು ಕಲ್ಲಿನ ಹೆಜ್ಜುಂಕ

ಗಾಳೆಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದಿನದನ್ನು ಓದಿದವರು ಸಿಟ್ಟಿದೆ ಅಂದುಕೊಳ್ಳುತ್ತಾರೆ. ಅವತ್ತು ಮಾತ್ರ ಇತ್ತು. ನಾನು ಬೆಲ್ಲದ ವ್ಯಾಪಾರಿ. ನಡೆದರೆ ನನ್ನ ಹೊಟ್ಟೆ ಮುಂದೆ, ನಾನು ಹಿಂದೆ. ಅಂಥವನು ಸುಡುಬಿಸಿಲಲ್ಲಿ ಸುಂಕದ ಕಟ್ಟೆಯಿಂದ ಬ್ರೂಸ್‌ಪೇಟೆಗೂ ಬ್ರೂಸ್‌ಪೇಟೆಯಿಂದ ಸುಂಕದ ಕಟ್ಟೆಗೂ ಓಡಾಡಿದರೆ ಸಿಟ್ಟು ಬರದೆ ಇನ್ನೇನು ಬರಬೇಕು?

ಸಾವಿರದ ಎಂಟುನೂರ ಎಂಬತ್ತೊಂಬತ್ತನೇ ಇಸವಿಯ ಮಾತು. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ನನ್ನ ಅಂಗಡಿಯ ಪಕ್ಕದ ಮನೆ ಪಿಂಜಾರ ಖಾದರಸಾಬನದು. ಹತ್ತಿ ಹಿಂಜಿ ಗಾದಿ ಹೊಲಿಯುವ ಕಸಬು. ಅವನ ಮಗಳು ಶಹಜಾದಿಗೆ ಸಿರುಗುಪ್ಪದ ಅಬ್ದುಲ್ ಸಮದನ ಮಗ ಅಮೀರಸಾಬನ ಜೊತೆ ನಿಖಾ ಗೊತ್ತಾಗಿತ್ತು. ಗೊತ್ತಾದದ್ದೇನೋ ಸರಿ, ಆದರೆ ದಿನ ನೋಡಿ. ಅದರ ಮರುದಿನ ಸಂಜೆ ಮೊಹರಂ ಚಂದ್ರ ಕಾಣುವುದಿತ್ತು. ಆ ಚಂದ್ರ ಕಂಡನೆಂದರೆ ನಲವತ್ತು ದಿನ ಮದುವೆಯ ಮಾತೆತ್ತುವಂತಿಲ್ಲ. ಹಾಗಾಗಿ ಬಳ್ಳಾರಿಯಲ್ಲಿ ಮದುವೆ ಬಾಕಿ ಉಳಿದವರೆಲ್ಲ ಅದೇ ದಿನ ಹಿಡಿದಿದ್ದರು. ಖಾಜಿಯವರು ಖಾದರಸಾಬನಿಗೆ ಹಿಂದಿನ ದಿನವೇ ಹೇಳಿ ಕಳಿಸಿದ್ದರು: "ಮಧ್ಯಾಹ್ನದ ನಮಾಜಿನ ಹೊತ್ತಿನತನಕ ನಿಮ್ಮನಿಯಾಗ ಇರ್ತೀನಿ. ಆಮ್ಯಾಲ ಕಂಟೋನ್ಮೆಂಟಿನಾಗ ಇನ್ನೊಂದು ನಿಖಾ ಐತಿ. ನಿಮ್ಮ ಹುಡುಗ ತಡಾ ಮಾಡಿದ್ರ ನಲವತ್ತು ದಿನ ಬಿಟ್ಟು ಕರೀರಿ."

ನಲವತ್ತು ದಿನ ತಡೆದರೆ ಏನಾಯಿತು ಎಂದು ನೀವು ಕೇಳಬಹುದು. ಖಾದರಸಾಬನ ಹೆಂಡತಿ ಫಕೀರಬಿಗೆ ಆದವಾನಿಯಲ್ಲಿ ಒಬ್ಬ ಅಣ್ಣ ಇದ್ದ. ತನ್ನ ಮಗನಿಗೆ ಶಹಜಾದಿಯನ್ನು ಕೇಳಿ ಇಲ್ಲ ಅನ್ನಿಸಿಕೊಂಡವನು. ಈ ಮದುವೆಗೂ ಬಂದಿದ್ದ. ಬಂದವನು ಮಗನನ್ನೂ ಕರೆತಂದಿದ್ದ, ಮಗನಿಗೆ ಹೊಸ ಅಂಗಿಯನ್ನೂ ತೊಡಿಸಿದ್ದ. ಇದಕ್ಕಿಂತ ಹೆಚ್ಚು ನಾನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಗಾಳೆಪ್ಪ. ಕುರುಗೋಡಿನವನು, ಕಮಾನು ಬಂಡಿ ಇಟ್ಟವನು, ಎತ್ತುಗಳನ್ನು ಚೆನ್ನಾಗಿ ಸಾಕಿದವನು. ಇಷ್ಟಕ್ಕೇ ನಿಂತಿದ್ದರೆ ಮರ್ಯಾದಸ್ಥನೇ. ಆದರೆ ಎರಡು ತಿಂಗಳ ಹಿಂದೆ ಕುರುಗೋಡಿಗೆ ಸರ್ಕಾರದ ಮುನ್ಷಿಯೊಬ್ಬರು ಬಂದು, ಗುಡಿಯ ಮುಂದಿನ ಹಳೆಯ ಕಲ್ಲಿನ ಬರಹಕ್ಕೆ ಒದ್ದೆ ಕಾಗದ ಅಂಟಿಸಿ, ಮಸಿ ಬಡಿದು, ಅಚ್ಚು ತೆಗೆದುಕೊಂಡು ಹೋಗಿದ್ದರು. ಆ ಎರಡು ದಿನ ಗಾಳೆಪ್ಪ ಬಾವಿಯಿಂದ ನೀರು ತಂದುಕೊಟ್ಟಿದ್ದ. ಮುನ್ಷಿಯವರು ತಮ್ಮಷ್ಟಕ್ಕೆ ತಾವೇ ಗೊಣಗುತ್ತಿದ್ದಾಗ ಒಂದು ಮಾತು ಅವನ ಕಿವಿಗೆ ಬಿದ್ದಿತ್ತು: ಹೆಜ್ಜುಂಕ. ಅವರು ಹೋದ ಮರುದಿನವೇ ಗಾಳೆಪ್ಪ ಪಂಡಿತನಾದ. "ನಾನೂ ಮುನ್ಷಿಯವರೂ ಕೂಡೇ ಓದಿದ್ವಿ" ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ.

ಹುಡುಗನ ಕಡೆಯವರು ಸಿರುಗುಪ್ಪದಿಂದ ಹೊರಟು ರಾತ್ರಿ ಕುರುಗೋಡಿನಲ್ಲಿ ತಂಗಿ, ಮದುಮಗನಿಗೆಂದು ಗಾಳೆಪ್ಪನ ಬಂಡಿ ಬಾಡಿಗೆಗೆ ಹಿಡಿದಿದ್ದರು. ಬೆಳಿಗ್ಗೆ ಬಂಡಿ ಹೂಡುವ ಮೊದಲು ಗಾಳೆಪ್ಪ ಅವರನ್ನೆಲ್ಲ ಆ ಕಲ್ಲಿನ ಮುಂದೆ ನಿಲ್ಲಿಸಿದ. ಇದನ್ನು ನನಗೆ ಆಮೇಲೆ ಹೇಳಿದವನು ಮದುಮಗ ಅಮೀರಸಾಬನೇ.

"ನೋಡ್ರಿ ಇಲ್ಲಿ. ಮ್ಯಾಲ ಸೂರ್ಯ, ಬಾಜೂಕ ಚಂದ್ರ, ಕೆಳಗ ಆಕಳು, ಆಕಳ ಕರು. ಏನಿದರ ಅರ್ಥ?"

"ದಾನದ ಕಲ್ಲು ಇರಬೇಕು," ಅಂದ ಅಬ್ದುಲ್ ಸಮದ.

"ಹಾಂ! ದಾನ. ಸೂರ್ಯ ಚಂದ್ರ ಇರೋತನಕ ನಡೀಬೇಕಾದ ದಾನ. ಇನ್ನ ಈ ಸಾಲಿನಾಗ ಏನೈತಿ? ಹೆಜ್ಜುಂಕ! ಅಂದ್ರ ದೊಡ್ಡ ಸುಂಕ. ಎರಡೂ ಕೂಡಸ್ರಿ. ರಾಜ ಕುರುಗೋಡು ಮಂದಿಗೆ ಸುಂಕಾನ ದಾನ ಕೊಟ್ಟಾನ. ನಮ್ಮ ಬಂಡಿಗೆ ಯಾವ ಕಟ್ಟ್ಯಾಗೂ ಸುಂಕಿಲ್ಲ!"

ಮದುಮಗನ ಅಜ್ಜಿ ಇಮಾಂಬೀ ಎಪ್ಪತ್ತು ದಾಟಿದವಳು. ಕಲ್ಲನ್ನೂ ನೋಡಿದಳು, ಗಾಳೆಪ್ಪನನ್ನೂ ನೋಡಿದಳು.

"ನಮ್ಮ ಕಾಲಕ್ಕ ತೆರಿಗಿಗೆ ಮೊಹತರ್ಫಾ ಅಂತಿದ್ರೋ ಗಾಳ್ಯಾ. ಅದು ಅರಬ್ಬೀ ಮಾತಂತ. ಕಸಬು ಮಾಡೋರು ಅಂತ ಅರ್ಥ ಅಂತ ನಮ್ಮ ಮುಲ್ಲಾ ಹೇಳ್ತಿದ್ದ. ಮಗ್ಗ ಇದ್ರ ಮಗ್ಗಕ್ಕ, ಗಾಣ ಇದ್ರ ಗಾಣಕ್ಕ. ಹೆಸರಿನ ಅರ್ಥ ತಿಳದ್ರೂ ರೊಕ್ಕ ಕೊಟ್ವಿ, ತಿಳೀದಿದ್ರೂ ಕೊಟ್ವಿ. ಹೂಡು ಬಂಡಿ, ಬಿಸಿಲಾಗತೈತಿ."

ಆ ಮುದುಕಿಯ ಮಾತು ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಗಾಳೆಪ್ಪ ಕೇಳಲಿಲ್ಲ. ಅಷ್ಟೇ ಅಲ್ಲ, ಹೇಗೂ ಸುಂಕವಿಲ್ಲವಲ್ಲ ಎಂದು ಬಳ್ಳಾರಿಯಲ್ಲಿ ಮಾರಲು ಎರಡು ಚೀಲ ಹತ್ತಿಯನ್ನೂ ಬಂಡಿಗೆ ಹೇರಿದ. ಮೇಲೆ ಜಮಖಾನೆ ಹಾಸಿದ. ಅದರ ಮೇಲೆ ಮದುಮಗನನ್ನು ಕೂರಿಸಿದ.

ಬಳ್ಳಾರಿಯ ಹೊರಗಿನ ಸುಂಕದ ಕಟ್ಟೆಯನ್ನು ಆ ವರ್ಷ ಹರಾಜಿನಲ್ಲಿ ಹಿಡಿದವನು ಓಬಣ್ಣ. ಸಣಕಲು ಆಳು, ದೊಡ್ಡ ಮೀಸೆ. ಕೈಯಲ್ಲಿ ಒಂದು ಚೂಪು ಕಂಬಿ. ಹುಲ್ಲಿನಡಿ ಸರಕು ಅಡಗಿಸಿದರೆ ತಿವಿದು ನೋಡುವುದಕ್ಕೆ. ಖಾದರಸಾಬ ನನ್ನನ್ನು ಹೂವಿನ ಹಾರ ಕೊಟ್ಟು ಬೀಗರನ್ನು ಎದುರುಗೊಳ್ಳಲು ಅಲ್ಲಿಗೆ ಕಳಿಸಿದ್ದ. ನಾನು ನೆರಳಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತಿದ್ದೆ. ಮೂರು ಬಂಡಿಗಳು ಗಂಟೆ ಬಾರಿಸುತ್ತಾ ಬಂದವು. ಮುಂದಿನದು ಗಾಳೆಪ್ಪನದು.

"ಮದುವಿ ಬಂಡಿ. ಬಂಡಿಗೊಂದಾಣೆ," ಅಂದ ಓಬಣ್ಣ. ಅಂದವನೇ ಅಭ್ಯಾಸಬಲದಿಂದ ಕಂಬಿಯನ್ನು ಜಮಖಾನೆಯ ಕೆಳಗೆ ತೂರಿಸಿದ.

"ಯಾ ಅಲ್ಲಾ!" ಎಂದು ಮದುಮಗ ಮೊಳದೆತ್ತರ ಹಾರಿದ.

ಕಂಬಿಯ ತುದಿಗೆ ಹತ್ತಿ ಅಂಟಿಕೊಂಡು ಬಂತು. ಓಬಣ್ಣ ಅದನ್ನು ಬೆಳಕಿಗೆ ಹಿಡಿದು ನೋಡಿದ. "ಏನಿದು?"

"ಮದುಮಗ ಕುಂದ್ರೋ ಮೆತ್ತಿ," ಅಂದ ಗಾಳೆಪ್ಪ.

"ಎರಡನೇ ಚೀಲ?"

"ಅದು ಒರಗೋದು."

"ಹಂಗೇನು? ಕುಂದ್ರೋದು, ಒರಗೋದು ಎರಡೂ ಸೇರಿ ಸರಕಿನ ಬಂಡಿ. ಎರಡಾಣೆ ಇಡು."

ಇಲ್ಲಿ ಅಬ್ದುಲ್ ಸಮದ ಎರಡಾಣೆ ತೆಗೆದು ಚಾಚಿದ. ದೇವರಾಣೆಗೂ ಚಾಚಿದ, ನಾನು ಕಣ್ಣಾರೆ ಕಂಡವನು. ಓಬಣ್ಣನೂ ಕೈ ನೀಡಿದ. ನಡುವೆ ಗಾಳೆಪ್ಪನ ಕೈ ಬಂತು.

"ಸಾಹೇಬ್ರ, ರೊಕ್ಕ ಒಳಗ ಇಡ್ರಿ. ಇದು ನಿಮ್ಮ ರೊಕ್ಕದ ಮಾತಲ್ಲ, ನಮ್ಮೂರಿನ ಮಾನದ ಮಾತು. ಲೇ ಓಬಣ್ಣ, ಹೆಜ್ಜುಂಕ ಅಂದ್ರ ಏನು ಗೊತ್ತೈತೇನು ನಿನಗ?"

"ನನಗ ಸುಂಕ ಗೊತ್ತೈತಿ. ಇಡು."

"ಕುರುಗೋಡು ಮಂದಿಗೆ ಸುಂಕ ಇಲ್ಲ! ಕಲ್ಲಿನಾಗ ಬರದೈತಿ! ಸೂರ್ಯ ಚಂದ್ರ ಇರೋತನಕ!" ಗಾಳೆಪ್ಪ ಬಂಡಿಯ ಮುಂದಿನ ಮೂಕಿಮರದ ಮೇಲೆ ನಿಂತು ಆಕಾಶಕ್ಕೆ ಬೆರಳು ತೋರಿಸಿದ. "ಸೂರ್ಯ ಅದಾನೋ ಇಲ್ಲೋ, ನೀನ ನೋಡಿ ಹೇಳು!"

ಓಬಣ್ಣ ಮೇಲೆ ನೋಡಿದ. ಸೂರ್ಯ ಇದ್ದ. ಬೇಕಾದ್ದಕ್ಕಿಂತ ಹೆಚ್ಚೇ ಇದ್ದ.

"ಚಂದ್ರ?" ಅಂದ ಓಬಣ್ಣ.

"ನಾಳಿ ಸಂಜಿಗೆ ಬರ್ತಾನ."

"ಲೇ ಪುಣ್ಯಾತ್ಮ, ಆ ಚಂದ್ರ ಬರ್ತಾನಂತನ ನಾನು ಸಾಯಾಕ ಹತ್ತೀನಿ!" ಎಂದು ಅಬ್ದುಲ್ ಸಮದ ತಲೆ ತಲೆ ಬಡಿದುಕೊಂಡ.

ಹಿಂದೆ ಕುರುಗೋಡು ಕಡೆಯ ಬಂಡಿಗಳು ಒಂದರ ಹಿಂದೊಂದು ಬಂದು ನಿಲ್ಲತೊಡಗಿದ್ದವು. ಮೆಣಸಿನಕಾಯಿ, ಜೋಳ, ಹತ್ತಿ. ಸುಂಕ ಇಲ್ಲವಂತೆ ಅನ್ನುವ ಮಾತು ಮುಂದಿನ ಬಂಡಿಯಿಂದ ಹಿಂದಿನ ಬಂಡಿಗೆ ಹೋದ ವೇಗದಲ್ಲಿ ಎತ್ತುಗಳು ನಡೆದಿದ್ದರೆ ಅವರೆಲ್ಲ ಆಗಲೇ ಮದರಾಸು ಮುಟ್ಟಿರುತ್ತಿದ್ದರು. ಅರ್ಧ ಗಳಿಗೆಯಲ್ಲಿ ಮೂವತ್ತು ಬಂಡಿ. ಬಂಡಿಯವರೆಲ್ಲ ಇಳಿದು ಬಂದು ಗಾಳೆಪ್ಪನನ್ನು ಸುತ್ತುವರಿದರು. "ಖರೇ ಏನೋ ಗಾಳೆಪ್ಪ?" "ನೀನ ಓದೀಯೇನು?" "ಇಷ್ಟು ದಿನ ಕೊಟ್ಟಿದ್ದು ತಿರುಗಿ ಕೊಡ್ತಾರೇನು?"

ಜನ್ಮದಲ್ಲಿ ಮೊದಲ ಸಲ ಮೂವತ್ತು ಜನ ತನ್ನ ಮಾತು ಕೇಳುತ್ತಿದ್ದಾರೆ. ಗಾಳೆಪ್ಪನ ಎದೆ ಉಬ್ಬಿತು. ಎತ್ತಿನ ಕೋಡು ಹಿಡಿದು ಘೋಷಿಸಿದ: "ನನ್ನ ಎತ್ತಿನಾಣೆ! ಆ ಕಲ್ಲಿನಾಗ ಏನು ಬರದೈತಿ ಅದರ ಪರಕಾರ ನಡೀತೀನಿ. ನಾನೂ, ನನ್ನ ಮಕ್ಕಳೂ. ಒಂದಕ್ಷರ ತಪ್ಪಂಗಿಲ್ಲ. ನೀವೂ ಮುಟ್ರಿ!"

ಬಂಡಿಯವನಿಗೆ ಎತ್ತಿನಾಣೆ ಅಂದರೆ ಹುಡುಗಾಟವಲ್ಲ. ಹೆಂಡತಿಯ ಮೇಲೆ ಆಣೆ ಇಟ್ಟು ಮುರಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಎತ್ತಿನ ಮೇಲೆ ಇಟ್ಟು ಮುರಿದವನನ್ನು ನೋಡಿಲ್ಲ. ಆದರೂ ಮೂವತ್ತು ಜನ ಓಡಿಹೋಗಿ ತಮ್ಮ ತಮ್ಮ ಎತ್ತಿನ ಕೋಡು ಮುಟ್ಟಿ ಬಂದರು. ಓಬಣ್ಣ ಅಡ್ಡಗಂಬಕ್ಕೆ ಸರಪಳಿ ಬಿಗಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿ, ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ತೆಗೆದ. ಅವನಿಗೆ ಅವಸರವೇನು? ಮದುವೆ ಅವನದೇ?

"ಸಾಹುಕಾರ್ರ, ಓಡ್ರಿ," ಅಂದ ಅಬ್ದುಲ್ ಸಮದ ನನ್ನ ಕೈ ಹಿಡಿದು. "ಖಾಜಿಯವರನ್ನ ಹೆಂಗರ ಮಾಡಿ ಹಿಡದಿಡ್ರಿ. ನಾವು ಬಂದ್ವಿ ಅಂತ ಹೇಳ್ರಿ."

ನಾನು ಓಡಿದೆ. ಬ್ರೂಸ್‌ಪೇಟೆ ಅಲ್ಲಿಂದ ಒಂದು ಮೈಲಿ. ಆದರೆ ಹಾಲು ಮಾರುವ ಜೋಗಮ್ಮ ನನಗಿಂತ ಮೊದಲೇ ಕಟ್ಟೆ ದಾಟಿದ್ದಳು, ಸುದ್ದಿ ಅವಳ ಗಡಿಗೆಯ ಜೊತೆ ಹೋಗಿತ್ತು. ಅವಳು ಹೇಳಿದ್ದು ಇಷ್ಟೇ: "ಮದುಮಗನ ಬಂಡಿ ಎರಡಾಣೆ ಸುಂಕಕ್ಕ ನಿಂತೈತಿ." ಬಾವಿಕಟ್ಟೆಯಲ್ಲಿ ಜಡೆಮ್ಮ ಅದನ್ನು ಕೇಳಿ, "ಮದುಮಗನಿಗ ಸುಂಕ ಹಾಕ್ಯಾರಂತ" ಅಂದಳು. ಹೂವಿನ ಅಂಗಡಿಯ ಚನ್ನವೀರಮ್ಮ ಅದಕ್ಕೆ ಕಾರಣ ಬೇಕಲ್ಲ ಎಂದು ಕಾರಣ ಹುಡುಕಿದಳು: "ಹೆಣ್ಣಿನಪ್ಪ ಬಂದು ಸುಂಕ ಕಟ್ಟಿದ್ರ ಬರ್ತೀನಿ, ಇಲ್ಲಾಂದ್ರ ತಿರುಗಿ ಹೋಗ್ತೀನಿ ಅಂತ ಹುಡುಗ ಹಟ ಹಿಡದಾನಂತ!" ನಾನು ಏದುಸಿರು ಬಿಡುತ್ತಾ ಚಪ್ಪರದೊಳಗೆ ಕಾಲಿಡುವಾಗ ಈ ಮೂರನೆಯದು ಅಡುಗೆಮನೆಯ ತನಕ ಮುಟ್ಟಿ ಪಲಾವಿನ ಜೊತೆ ಬೇಯುತ್ತಿತ್ತು.

"ಎರಡಾಣೆ ಸಲುವಾಗಿ!" ಎಂದು ಆದವಾನಿಯ ಅಣ್ಣ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ. "ಎರಡಾಣೆ ಸಲುವಾಗಿ ಊರ ಬಾಗಿಲಿಗೆ ನಿಂತು ಹಟ ಮಾಡೋ ಮನಿತನ! ನಾನು ಮೊದಲ ಹೇಳಿದ್ನೆಲ್ಲೋ, ಸಿರುಗುಪ್ಪದವರು ಬ್ಯಾಡ ಅಂತ." ಅವನ ಮಗ ಹೊಸ ಅಂಗಿಯ ಕಾಲರು ಸರಿಮಾಡಿಕೊಂಡ.

"ಹಂಗಲ್ಲ! ಹಂಗಲ್ರಪ್ಪ! ಅದು ಹೆಜ್ಜುಂಕದ ತಕರಾರು!" ಎಂದು ನಾನು ಕೂಗಿದೆ.

ಕೂಗಬಾರದಿತ್ತು. "ಹೆಜ್ಜುಂಕ ಅಂದ್ರ ಏನ್ರಿ?" ಎಂದು ಖಾದರಸಾಬ ಕೇಳಿದ. ಪಾಪ, ಮುಖದಲ್ಲಿ ರಕ್ತವಿಲ್ಲ. ನಾನು ಮೇಲುಸಿರು ಬಿಡುತ್ತಲೇ "ದೊಡ್ಡ ಸುಂಕ" ಅಂದೆ. "ಅಯ್ಯೋ, ಎರಡಾಣೆ ಹೋಗಿ ದೊಡ್ಡ ಸುಂಕ ಕೇಳಾಕ ಹತ್ಯಾರಂತ!" ಎಂದು ಹೆಂಗಸರ ಕಡೆಯಿಂದ ಒಂದು ಅಳು ಎದ್ದಿತು. ಇನ್ನು ನಾನು ಬಾಯಿ ತೆಗೆದಷ್ಟೂ ಕೆಡುತ್ತದೆಂದು ಸುಮ್ಮನಾದೆ.

ಆಗ ಒಳಗಿನಿಂದ ಫಕೀರಬಿ ಬಂದಳು. ಗಂಡನಿಗೆ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು. "ಶಹಜಾದಿ ಒಲ್ಲೆ ಅಂತಾಳ. ಇವತ್ತು ಎರಡಾಣೆಗೆ ನಿಂತವ ನಾಳಿ ನಾನು ತವರುಮನಿಗೆ ಹೋಗ್ತೀನಂದ್ರ ಬಾಡಿಗಿ ಲೆಕ್ಕ ಹಾಕ್ತಾನ, ಅಂಥವನ ಜೋಡಿ ಬಾಳ್ವಿ ಹೆಂಗ ಮಾಡ್ಲಿ ಅಂತಾಳ."

ಖಾದರಸಾಬ ಅಲ್ಲೇ ಕಂಬಕ್ಕೆ ಒರಗಿದ. ಖಾಜಿಯವರು ಬಿಸಿಲು ಅಂಗಳದಲ್ಲಿ ಎಲ್ಲಿಗೆ ಬಂತೆಂದು ನೋಡಿ ಚಪ್ಪಲಿಯನ್ನು ಕಾಲಿನ ಹತ್ತಿರ ಎಳೆದುಕೊಂಡರು. ನಾನು ಕಣ್ಣು ತಪ್ಪಿಸಿ ಅವರ ಒಂದು ಚಪ್ಪಲಿಯನ್ನು ಎತ್ತಿ ಕಂಕುಳಲ್ಲಿಟ್ಟುಕೊಂಡು ಮತ್ತೆ ಕಟ್ಟೆಯ ಕಡೆಗೆ ಓಡಿದೆ. ತಪ್ಪು ಅನ್ನುವವರು ಅನ್ನಲಿ. ಒಂದೇ ಚಪ್ಪಲಿಯಲ್ಲಿ ಯಾವ ಖಾಜಿಯೂ ಕಂಟೋನ್ಮೆಂಟಿಗೆ ಹೋಗುವುದಿಲ್ಲ.

ಕಟ್ಟೆಯಲ್ಲಿ ಈಗ ಜಾತ್ರೆ. ಬಂಡಿಗಳ ಸಾಲು ಕಣ್ಣಿಗೆ ಕಾಣುವಷ್ಟು ದೂರ. ಎತ್ತುಗಳು ಬುಸುಗುಡುತ್ತಿದ್ದವು, ಸಾಲಿನಲ್ಲಿದ್ದ ತೆಲುಗಿನವರೊಬ್ಬರು "ಏಮಯ್ಯಾ, ಮಮ್ಮಲ್ನಿ ಪೋನೀಯಂಡಿ!" ಎಂದು, ತಮ್ಮನ್ನಾದರೂ ಬಿಡಿರೆಂದು ಬೊಬ್ಬೆ ಹೊಡೆಯುತ್ತಿದ್ದರು. ಗಾಳೆಪ್ಪನಂತೂ ಮೂಕಿಯಿಂದ ಇಳಿದಿರಲಿಲ್ಲ. ಅಷ್ಟರಲ್ಲಿ ಸಾಲಿನ ಮಧ್ಯದ ಒಂದು ಬಂಡಿಯಿಂದ ಕೊಡೆ ಹಿಡಿದ, ಕನ್ನಡಕದ ಒಬ್ಬರು ಇಳಿದು ಬಂದರು. ಹಿಂದೆ ಆಳಿನ ತಲೆಯ ಮೇಲೆ ಕಾಗದದ ಉದ್ದುದ್ದ ಸುರುಳಿಗಳು.

"ದಾರಿ ಏಕೆ ಕಟ್ಟಿದ್ದೀರಿ? ಎರಡು ತಿಂಗಳು ಊರೂರು ತಿರುಗಿ ತೆಗೆದ ಈ ಕಾಗದಗಳನ್ನು ನಾನು ಸಂಜೆಯೊಳಗೆ ಕಂಟೋನ್ಮೆಂಟಿನಲ್ಲಿ ಒಪ್ಪಿಸಬೇಕು."

"ಮುನ್ಷಿಯವರು!" ಎಂದು ಗಾಳೆಪ್ಪ ಹಾರಿ ಕೆಳಗಿಳಿದ. "ದೇವರು ಬಂದಂಗ ಬಂದ್ರಿ! ಇವರಿಗೆ ಹೇಳ್ರಿ, ಕುರುಗೋಡು ಕಲ್ಲು ನಾವಿಬ್ರೂ ಕೂಡೇ ಓದಿದ್ದು!"

ಮುನ್ಷಿಯವರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ನೀನು ಯಾರಪ್ಪ?"

"ಬಗ್ಗಿ ಬಗ್ಗಿ ಓದಿದ್ವೆಲ್ರಿ, ಅದಕ್ಕ ಮುಖ ಕಂಡಿರಾಕಿಲ್ಲ," ಅಂದ ಗಾಳೆಪ್ಪ ಒಂದು ಚೂರೂ ಅಳುಕದೆ.

"ಓದ್ರಿ! ಓದ್ರಿ!" ಎಂದು ಮೂವತ್ತು ಗಂಟಲು ಕೂಗಿದವು. ಓದಿದರೇ ದಾರಿ ಬಿಡುತ್ತಾರೆಂದು ಮುನ್ಷಿಯವರಿಗೂ ತಿಳಿಯಿತು. ಸುರುಳಿ ಬಿಚ್ಚಿಸಿದರು. ಆಳೆತ್ತರದ ಕರಿ ಕಾಗದ, ಅದರ ತುಂಬ ಬಿಳಿ ಅಕ್ಷರ. ಇಬ್ಬರು ಬಂಡಿಯವರು ಎರಡು ತುದಿ ಹಿಡಿದು ನಿಂತರು. ಎಲೆ ಅಡಿಕೆ ಅಗಿಯುತ್ತಿದ್ದ ಓಬಣ್ಣನೂ ಅಗಿಯುವುದನ್ನು ಬಿಟ್ಟ. ನಾನೂ ಕಾಗದದ ಕಡೆ ಕತ್ತು ಚಾಚಿದೆ. ಒಂದು ವೇಳೆ ಈ ಗಾಳೆಪ್ಪ ಹೇಳಿದ್ದು ನಿಜವಾಗಿಬಿಟ್ಟರೆ! ನನ್ನ ಬೆಲ್ಲವೂ ಕುರುಗೋಡಿನ ಕಡೆಯಿಂದಲೇ ಬರುವುದು.

"ಹೆಜ್ಜುಂಕ," ಎಂದು ಮುನ್ಷಿಯವರು ಬೆರಳಿಟ್ಟರು. ಗಾಳೆಪ್ಪ ಸುತ್ತಲೂ ನೋಡಿ ಮೀಸೆ ತಿರುವಿದ. "ಹಿರಿದು ಸುಂಕ, ಹೆಜ್ಜುಂಕ. ಹೇರುಗಟ್ಟಲೆ ಬರುವ ದೊಡ್ಡ ಸರಕಿನ ಮೇಲಿನದು. ಸುಂಕ ಅನ್ನುವುದು ಸಂಸ್ಕೃತದ ಶುಲ್ಕ, ನಮ್ಮ ಬಾಯಲ್ಲಿ ಸುಂಕವಾಯಿತು. ಇಲ್ಲಿ ಅದು ದಾನವಾಗಿದೆ."

"ಕೇಳ್ರೆಪಾ! ಕೇಳ್ರಿ! ದಾನ!"

"ಸೂರ್ಯ ಚಂದ್ರರಿರುವ ತನಕ."

"ಇರೋತನಕ!" ಎಂದು ಎಲ್ಲರೂ ಕುಣಿದರು. ಓಬಣ್ಣನ ಕೈ ಸೊಂಟದ ಕೀಲಿಗೆ ಹೋಯಿತು, ಮುಖ ಹುಳಿ ಹಿಂಡಿದಂತಾಯಿತು.

"ಸ್ವಲ್ಪ ತಡೆಯಿರಿ. ಕೊಟ್ಟವರು ಯಾರು ಎಂಬುದು ಮುಂದಿನ ಸಾಲಿನಲ್ಲಿದೆ." ಮುನ್ಷಿಯವರು ಬಗ್ಗಿದರು. "ರಾಜನಲ್ಲ. ವ್ಯಾಪಾರಸ್ಥರು. ಏಳುನೂರು ವರ್ಷದ ಹಿಂದೆ ಕುರುಗೋಡಿನ ಪೇಟೆಯವರೆಲ್ಲ ಸಭೆ ಸೇರಿ, ತಾವಾಗಿಯೇ ಒಪ್ಪಿ, ದೇವರ ದೀಪಕ್ಕಾಗಿ ಕೊಟ್ಟಿದ್ದಾರೆ. ಹತ್ತಿಯ ಹೇರಿಗೆ ಒಂದು ಹಾಗ, ಅಂದರೆ ಆಗಿನ ಕಾಲದ ಒಂದು ನಾಣ್ಯ. ಮೆಣಸಿನ ಹೇರಿಗೆ ಒಂದು ಹಾಗ. ಎಣ್ಣೆಯ ಹೇರಿಗೆ ಒಂದು ಸಟ್ಟುಗದ ತುಂಬ ಎಣ್ಣೆ. ತಪ್ಪಿದವನಿಗೆ ಗಂಗೆಯ ದಡದಲ್ಲಿ ಸಾವಿರ ಆಕಳು ಕೊಂದ ಪಾಪ."

ಬಂಡಿಯವರು ತಮ್ಮ ತಮ್ಮ ಎತ್ತಿನ ಕೋಡಿನ ಕಡೆ ನೋಡಿಕೊಂಡರು.

"ಅಂದ್ರ..." ಎಂದ ಹಿಂದಿನ ಬಂಡಿಯ ಮೆಣಸಿನಕಾಯಿಯವನು ಬೆರಳು ಮಡಚುತ್ತಾ. "ಸುಂಕ ಬಿಟ್ಟಿಲ್ಲ. ನಾವ ಕೊಡಬೇಕು. ಓಬಣ್ಣಗ ಒಂದು, ಗುಡಿಗೆ ಇನ್ನೊಂದು. ಎತ್ತಿನಾಣೆ ಬ್ಯಾರೆ ಮಾಡೀವಿ." ಬೆರಳು ಮಡಚಿ ಮುಗಿದು ಮುಷ್ಟಿಯಾಯಿತು. "ಲೇ ಗಾಳ್ಯಾ! ಒಂದು ಸುಂಕ ತಪ್ಪಸ್ತೀನಂತ ಬಂದು ಎರಡು ಮಾಡಿದೆಲ್ಲೋ!"

"ಕಾಗದ ಮುದುಡೈತಿ. ಹಿಗ್ಗಿಸಿ ಹಿಡದ್ರ ಬ್ಯಾರೆ ಬರತೈತಿ," ಅಂದ ಗಾಳೆಪ್ಪ.

ಅಷ್ಟರಲ್ಲಿ ಗುಂಪಿನಿಂದ ಒಬ್ಬ ಬಡಕಲು ಮನುಷ್ಯ ಎರಡೂ ಕೈ ಎತ್ತಿ ಮುಂದೆ ಬಂದ. ಅದೇ ಗುಡಿಯ ಪೂಜಾರಿ ಅಯ್ಯಣ್ಣ. ದೀಪದ ಎಣ್ಣೆಯನ್ನು ಸಾಲ ಕೇಳಿ ತರಲು ಬಳ್ಳಾರಿಗೆ ಹೊರಟಿದ್ದವನು. ಅವನ ಕಣ್ಣಲ್ಲಿ ನೀರು. "ನನ್ನಪ್ಪಾ, ಏಳುನೂರು ವರ್ಷದ ಬಾಕಿ ನಾನು ಕೇಳಂಗಿಲ್ಲ. ಇವತ್ತಿಂದ ಕೊಡ್ರಿ, ಸಾಕು! ಎತ್ತಿನ ಕೋಡು ಮುಟ್ಟೀರಿ, ನಾನು ನೋಡೀನಿ, ಮೂವತ್ತು ಮಂದಿನೂ ಎಣಿಸೀನಿ!" ಅಂದವನೇ ಉತ್ತರೀಯ ಹಾಸಿಬಿಟ್ಟ. ಒಂದು ಹಾಗ ಅಂದರೆ ಈಗಿನ ಎಷ್ಟು ಎಂದು ಯಾರಿಗೂ ಗೊತ್ತಿಲ್ಲ. ಆಣೆ ಅಂದರು, ಅರ್ಧಾಣೆ ಅಂದರು, ಮುನ್ಷಿಯವರನ್ನು ಹಿಡಿದು ಎಳೆದಾಡಿದರು. ಓಬಣ್ಣ ಕಟ್ಟೆಯ ಮೇಲೆ ನಿಂತು, "ಮೊದಲು ನಂದು! ದೇವರಿಗೆ ಆಮ್ಯಾಲ!" ಎಂದು ಕೂಗಿದ. ಆಕಳು ಕೊಂದ ಪಾಪ ನೆನಪಾಗಿ ಕೆನ್ನೆ ಕೆನ್ನೆ ಬಡಿದುಕೊಂಡ. ಆದರೂ ಕೀಲಿ ಮಾತ್ರ ಬಿಡಲಿಲ್ಲ.

ನಾನು ಈ ಗದ್ದಲದಲ್ಲೇ ಮೈ ತೂರಿಸಿ ಕಮಾನು ಬಂಡಿ ಮುಟ್ಟಿದೆ. "ಅಮೀರಸಾಬ," ಅಂದೆ, "ಖಾಜಿ ಎದ್ದಾರ. ಹುಡುಗಿ ಒಲ್ಲೆ ಅಂದಾಳ. ನೀನು ಎರಡಾಣೆಗೆ ನಿಂತೀದಿ ಅಂತ ಊರೆಲ್ಲ ಸುದ್ದಿ. ಆದವಾನಿ ಹುಡುಗ ಅಂಗಿ ಹಾಕ್ಕೊಂಡು ಕುಂತಾನ."

ಆ ಹುಡುಗ ಬೆಳಗಿನಿಂದ ಬಾಯಿ ತೆಗೆದದ್ದು ಒಂದೇ ಸಲ, ಕಂಬಿ ತಿವಿದಾಗ. ಈಗ ಮುಖದ ಮುಂದಿನ ಹೂವಿನ ಸರಗಳನ್ನು ಎರಡು ಕೈಯಿಂದ ಸರಿಸಿ ನನ್ನನ್ನು ನೋಡಿದ. ಅಪ್ಪನನ್ನು ನೋಡಿದ. ಅಪ್ಪ, "ಮದುಮಗ ನಡಕೊಂಡು ಹೋದ್ರ ಮರ್ಯಾದಿ..." ಎಂದು ಶುರುಮಾಡಿದ.

"ಓಡು!" ಎಂದಳು ಇಮಾಂಬೀ. "ನಿಮ್ಮಪ್ಪನ ಮರ್ಯಾದಿ ನಾನು ಬಂಡ್ಯಾಗ ತರ್ತೀನಿ. ನೀ ಓಡು ನನ್ನಪ್ಪಾ!"

ಓಡಿದನೋ ಹಾರಿದನೋ! ಅಡ್ಡಗಂಬದ ಕೆಳಗೆ ನುಸುಳುವಾಗ ಕಾಲಿನ ಜರಿಯ ಜೋಡು ಒಂದು ಅಲ್ಲೇ ಉಳಿಯಿತು, ಇನ್ನೊಂದನ್ನು ತಾನೇ ಕಳಚಿ ಎಸೆದ. ತಿವಿದ ಚೀಲದಿಂದ ಹೊರಬಂದ ಹತ್ತಿಯೆಲ್ಲ ಅವನ ಬೆನ್ನಿಗೆ, ತೊಡೆಗೆ, ಹೂವಿಗೆ ಅಂಟಿತ್ತು. ಹಿಂದೆ ನಾನು, ಕಂಕುಳಲ್ಲಿ ಖಾಜಿಯ ಚಪ್ಪಲಿ. ನನ್ನ ಹಿಂದೆ ಅಬ್ದುಲ್ ಸಮದ, ಅವನ ಹಿಂದೆ ವಾಲಗದವರು. ಓಡುತ್ತಲೇ ಊದುತ್ತಿದ್ದರು, ಅದು ಯಾವ ರಾಗವೆಂದು ಇವತ್ತಿಗೂ ಹೇಳಲಾರೆ. ದಾರಿಯುದ್ದಕ್ಕೂ ಜನ ಜಗಲಿಗೆ ಬಂದು ನಿಂತರು. "ಸುಂಕ ತಪ್ಪಿಸ್ಕೊಂಡು ಓಡಾಕ ಹತ್ಯಾನ!" ಎಂದು ಚನ್ನವೀರಮ್ಮ ಕೂಗಿದಳು.

ಚಪ್ಪರ ಮುಟ್ಟಿದಾಗ ಖಾಜಿಯವರು ಒಂದೇ ಚಪ್ಪಲಿಯಲ್ಲಿ ನಿಂತು ಇನ್ನೊಂದಕ್ಕಾಗಿ ಮನೆಮಂದಿಯನ್ನೆಲ್ಲ ಬಯ್ಯುತ್ತಿದ್ದರು. ಖಾದರಸಾಬ ಅಳಿಯನನ್ನು ಮೇಲಿಂದ ಕೆಳಗೆ ನೋಡಿ, ಭುಜದಿಂದ ಒಂದು ಎಳೆ ಹತ್ತಿ ತೆಗೆದು, ದುಃಖದಲ್ಲೂ ಕಸಬು ಬಿಡದೆ ಬೆರಳಲ್ಲಿ ಎಳೆದು ನೋಡಿದ. "ಚಲೋ ಹತ್ತಿ," ಎಂದ. ಆಮೇಲೆ ಅಳಿಯನನ್ನು ತಬ್ಬಿಕೊಂಡ.

ಖಾಜಿಯವರು ಕೂತರು. ಹುಡುಗಿಯ ಒಪ್ಪಿಗೆ ಕೇಳುವ ವಕೀಲನಾಗಿ ಅವಳ ಚಿಕ್ಕಪ್ಪನೂ ಇಬ್ಬರು ಸಾಕ್ಷಿಗಳೂ ಒಳಮನೆಯ ಪರದೆಯ ಹತ್ತಿರ ಹೋಗಿ ಕೇಳಿದರು: ಸಿರುಗುಪ್ಪದ ಅಬ್ದುಲ್ ಸಮದನ ಮಗ ಅಮೀರಸಾಬನನ್ನು ಒಪ್ಪಿದ್ದೀಯಾ?

ಒಳಗೆ ಸದ್ದಿಲ್ಲ.

ಎರಡನೇ ಸಲ ಕೇಳಿದರು. ಸದ್ದಿಲ್ಲ. "ನಾಚಿಕೊಂಡಾಳ, ಬರಕೊಳ್ರಿ," ಅಂದಳು ಒಬ್ಬ ಮುದುಕಿ. "ನಾಚಿಗಿ ಬ್ಯಾರೆ, ಸಿಟ್ಟು ಬ್ಯಾರೆ. ಬಾಯಿಂದ ಕೇಳಬೇಕು," ಅಂದರು ಖಾಜಿಯವರು. ಆದವಾನಿಯ ಅಣ್ಣ ಮೆಲ್ಲಗೆ ಎದ್ದು ನಿಂತ. ಅಮೀರಸಾಬ ಬರಿಗಾಲುಗಳನ್ನು ಮಡಚಿಕೊಂಡು ತಲೆ ತಗ್ಗಿಸಿ ಕೂತಿದ್ದ.

ಆಗ ಪರದೆಯ ಹಿಂದಿನಿಂದ ಶಹಜಾದಿಯ ಧ್ವನಿ ಬಂತು. "ಆ ಬಂಡಿಯವನ್ನ ಕರೀರಿ. ಬ್ಯಾರೆ ಯಾರ ಮಾತೂ ನಾನು ನಂಬಂಗಿಲ್ಲ."

ಬಂಡಿಯವನು ಆಗಷ್ಟೇ ಬಂದಿದ್ದ. ಓಬಣ್ಣನಿಗೆ ಎರಡಾಣೆ, ಅಯ್ಯಣ್ಣನಿಗೆ ಒಂದಾಣೆ ಕಕ್ಕಿ, ಬಂಡಿ ಬಿಡಿಸಿಕೊಂಡು, ಇಮಾಂಬೀಯನ್ನು ಇಳಿಸಿ ಬೀದಿಯಲ್ಲಿ ನಿಂತಿದ್ದ. ಅವನ ಹಿಂದೆಯೇ ಬಂಡಿಯವರೆಲ್ಲ ಬಂದಿದ್ದರು, ಅವನನ್ನು ಸುಮ್ಮನೆ ಬಿಡುವ ಮನಸ್ಸು ಯಾರಿಗೂ ಇರಲಿಲ್ಲ. ಮುನ್ಷಿಯವರೂ, ಊಟದ ವಾಸನೆ ಹಿಡಿದೋ ಏನೋ, ಕೊಡೆ ಮಡಚಿ ಬಾಗಿಲಲ್ಲಿದ್ದರು. ಇಷ್ಟು ಜನರ ನಡುವೆ ಗಾಳೆಪ್ಪನನ್ನು ಪರದೆಯ ಮುಂದೆ ತಂದು ನಿಲ್ಲಿಸಿದರು. ಅವನು ಗಂಟಲು ಸರಿಮಾಡಿಕೊಂಡ.

"ತಾಯಿ, ಅದು ಹೆಜ್ಜುಂಕದ ವಿಚಾರ. ಹೆಜ್ಜುಂಕ ಅಂದ್ರ ನೋಡವ್ವ, ಹಳೇ ಕಾಲಕ್ಕ..."

"ಅದನ್ನ ಬಿಡಣ್ಣ. ಬಂಡಿ ನಿಲ್ಲಿಸಿದವರು ಯಾರು?"

ಗಾಳೆಪ್ಪ ಎಡಕ್ಕೆ ನೋಡಿದ, ಬಂಡಿಯವರು. ಬಲಕ್ಕೆ ನೋಡಿದ, ಮುನ್ಷಿ. ಮುಂದೆ ಹತ್ತಿ ಮೆತ್ತಿಕೊಂಡ ಹುಡುಗ. ಕಾಗದ ಮುದುಡಿತ್ತು ಅನ್ನಬಹುದಿತ್ತು, ಓಬಣ್ಣ ಮೊಂಡ ಅನ್ನಬಹುದಿತ್ತು. ಅವನ ತುಟಿ ಎರಡು ಸಲ ಅಲುಗಿದ್ದನ್ನು ನಾನು ನೋಡಿದೆ. ಆಮೇಲೆ ಅವನು ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನಾನವ್ವ," ಅಂದ. "ಇವರಪ್ಪ ರೊಕ್ಕ ಕೊಡಾಕ ಬಂದ್ರು, ನಾನು ಕೈ ಅಡ್ಡ ಹಿಡದೆ. ಹುಡುಗಂದು ಏನೂ ತಪ್ಪಿಲ್ಲ. ನನಗ ಆ ಕಲ್ಲು ಓದಾಕ ಬರಂಗಿಲ್ಲ. ಯಾವ ಕಲ್ಲೂ ಬರಂಗಿಲ್ಲ, ಕಾಗದಾನೂ ಬರಂಗಿಲ್ಲ. ನಾನು ನೀರು ಹೊತ್ತವ. ಎರಡು ದಿನ ಬರೇ ನೀರು ಹೊತ್ತವ."

ಮೂವತ್ತು ಬಂಡಿಯವರಲ್ಲಿ ಒಬ್ಬನೂ ನಗಲಿಲ್ಲ.

"ಮತ್ತ ಅವರು?" ಎಂದು ಪರದೆಯ ಹಿಂದಿನ ಧ್ವನಿ ಮೆಲ್ಲಗೆ ಕೇಳಿತು.

"ಅವರೇನವ್ವ! ನೀ ಒಲ್ಲೆ ಅಂದೀದಿ ಅಂತ ಈ ಸಾಹುಕಾರ್ರು ಹೇಳಿದ್ದ ತಡ, ಅಡ್ಡಗಂಬದ ಕೆಳಗ ತೂರಿ ಓಡಿದ್ರು. ನನ್ನೆತ್ತು ಹುಟ್ಟಿದಾಗಿಂದ ಹಂಗ ಓಡಿಲ್ಲ. ಜೋಡು ಸುದ್ದಾ ಬಿಟ್ಟು ಓಡಿದ್ರು. ಕಾಲು ನೋಡ್ರಿ ಬೇಕಾದ್ರ."

ಎಲ್ಲರೂ ಅಮೀರಸಾಬನ ಕಾಲು ನೋಡಿದರು. ಅವನು ನಾಚಿ ಶೇರವಾನಿಯ ಅಂಚಿನಿಂದ ಮುಚ್ಚಿಕೊಂಡ. ಪರದೆ ಒಂದು ಬೆರಳಿನಷ್ಟು ಸರಿಯಿತು, ಮತ್ತೆ ಮುಚ್ಚಿತು. ಒಳಗೆ ಯಾರೋ ಕಿಸಕ್ಕನೆ ನಕ್ಕರು.

"ಕಬೂಲ್," ಅಂದಳು ಶಹಜಾದಿ.

ಖಾಜಿಯವರು ಇನ್ನೆರಡು ಸಲ ಹೇಳಿಸಿದರು. ಚಪ್ಪರದಲ್ಲಿ ಎದ್ದ ಗದ್ದಲದಲ್ಲಿ ಅವು ನನಗೆ ಕೇಳಿಸಲಿಲ್ಲ. ಗಾಳೆಪ್ಪನಿಗೆ ಕೇಳಿಸಿರಬೇಕು. ಅವನು ರುಮಾಲಿನಿಂದ ಮುಖ ಮುಚ್ಚಿಕೊಂಡು ಹೊಸ್ತಿಲ ಮೇಲೆ ಕುಸಿದು ಕೂತು, ಹೆಣ್ಣು ಹೆತ್ತವನಂತೆ ಬಿಕ್ಕಿ ಬಿಕ್ಕಿ ಅತ್ತ.